ಹಸು ಸಾಕುವವರಲ್ಲಿ ಕ್ಷಯ: ‘ಎಂಟಿಬಿ ಪತ್ತೆಯಾಗಿದೆ’ ಎಂಬ ವರದಿಯಿಂದ ರೋಗಾಣುವಿನ ಪ್ರಭೇದ ತಿಳಿಯುತ್ತದೆಯೇ?

ಹೇಮಾವತಿ ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹಳೆ ಮೈಸೂರು ಭಾಗದ ಒಂದು ಬೋಧನಾ ಆಸ್ಪತ್ರೆಯ ಸೂಕ್ಷ್ಮಾಣುವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ರೋಗಿಯ ಗುರುತು ಸಿಗದಂತೆ ವಿವರಗಳನ್ನು ಸ್ವಲ್ಪ ಬದಲಿಸಿ ಈ ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ.

ಮನೆಯಲ್ಲಿ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಮಹಿಳೆಯೊಬ್ಬರಿಗೆ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಸೂಜಿಯಿಂದ ತೆಗೆದ ಕೀವನ್ನು, ಕ್ಷಯದ ರೋಗಾಣುವಿನ (ಎಂಟಿಬಿ) ಜೀನ್ ಹುಡುಕುವ ಸಿಬಿನ್ಯಾಟ್ ಯಂತ್ರದಲ್ಲಿ ಪರೀಕ್ಷಿಸಿದಾಗ ‘ಎಂಟಿಬಿ ಪತ್ತೆಯಾಗಿದೆ, ರಿಫಾಂಪಿಸಿನ್ ಪ್ರತಿರೋಧ ಪತ್ತೆಯಾಗಿಲ್ಲ’ ಎಂಬ ವರದಿ ಬಂತು, ಚಿಕಿತ್ಸೆಯೂ ಆರಂಭವಾಯಿತು. ಅದೇ ಮಾದರಿಯನ್ನು ದ್ರವ ಕಲ್ಚರಿಗೂ (ರೋಗಾಣುವನ್ನು ದ್ರವದಲ್ಲಿ ಬೆಳೆಸಲು) ಹಾಕಿದ್ದೆವು. ಅದು ಬೆಳೆದು, ಕ್ಷಯದ ರೋಗಾಣುವಿನ ಒಂದು ಪ್ರೋಟೀನನ್ನು ಹುಡುಕುವ ಎಂಪಿಟಿ-64 ಪಟ್ಟಿ ಪರೀಕ್ಷೆಯೂ ಪಾಸಿಟಿವ್ ಬಂದ ಮೇಲೆ ಔಷಧ ಸಂವೇದನೆ ಪರೀಕ್ಷೆಗೆಂದು ಮೇಲಿನ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಈಗ ಬಂದಿರುವ ವರದಿಯ ಪ್ರಕಾರ ಐಸೋನಿಯಾಜಿಡ್, ರಿಫಾಂಪಿಸಿನ್, ಎಥಾಂಬುಟಾಲ್ ಮೂರೂ ಕೆಲಸ ಮಾಡುತ್ತವೆ, ಪೈರಜಿನಮೈಡ್ ಒಂದಕ್ಕೆ ಮಾತ್ರ ಪ್ರತಿರೋಧವಿದೆ.

ದನದ ಕ್ಷಯಕ್ಕೆ ಕಾರಣವಾದ ಮೈಕೊಬ್ಯಾಕ್ಟೀರಿಯಂ ಬೋವಿಸ್ ಹುಟ್ಟಿನಿಂದಲೇ ಪೈರಜಿನಮೈಡ್‌ಗೆ ಬಗ್ಗುವುದಿಲ್ಲ ಎಂದು ನಾವೆಲ್ಲ ಓದಿದ್ದೇವೆ. ಕುತ್ತಿಗೆಯ ಗಂಟು, ಹಸುಗಳ ಒಡನಾಟ, ಈ ಒಂದೇ ಔಷಧಕ್ಕೆ ಪ್ರತಿರೋಧ, ಈ ಮೂರನ್ನೂ ಒಟ್ಟಿಗೆ ನೋಡಿದಾಗ ಇದು ಬೋವಿಸ್ ಇರಬಹುದೆಂಬ ಅನುಮಾನ ವಿಭಾಗದಲ್ಲಿ ಬಲವಾಗಿದೆ. ನಮ್ಮಲ್ಲಿ ಡಿಎನ್‌ಎಯ ಆಯ್ದ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಸಾಮಾನ್ಯ ಪಿಸಿಆರ್ ಯಂತ್ರ ಮತ್ತು ಆ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಲು ಜೆಲ್ ಓಡಿಸುವ ವ್ಯವಸ್ಥೆ ಇದೆ, ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದುವುದು) ಮಾತ್ರ ಹೊರಗೆ ಕಳುಹಿಸಿ ಮಾಡಿಸಬೇಕು. 16ಎಸ್ ಜೀನ್ ಓದಿಸಿದರೆ ಸಾಕು, ಪ್ರಭೇದ ತಿಳಿಯುತ್ತದೆ ಎಂದು ಹಿರಿಯರೊಬ್ಬರು ಸಲಹೆ ಕೊಟ್ಟಿದ್ದಾರೆ. ಅದು ಸಾಕೇ? ಸಾಲದಿದ್ದರೆ ನಮ್ಮ ಮಟ್ಟದಲ್ಲಿಯೇ ಮಾಡಬಹುದಾದ, ನಂಬಿಕೆಗೆ ಅರ್ಹವಾದ ಪರೀಕ್ಷೆ ಯಾವುದು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಅಗರ್ ತಟ್ಟೆ

ಮೇಡಂ, ಒಳ್ಳೆಯ ಪ್ರಶ್ನೆ. ಅದಕ್ಕಿಂತ ಮುಖ್ಯವಾಗಿ, ಕಲ್ಚರನ್ನು ಎಸೆಯದೆ ಉಳಿಸಿಕೊಂಡಿದ್ದೀರಿ. ಅದಿಲ್ಲದಿದ್ದರೆ ಮುಂದೆ ಹೇಳುವುದೆಲ್ಲ ಬಹಳ ಕಷ್ಟವಾಗುತ್ತಿತ್ತು.

ಮೊದಲು 16ಎಸ್ ವಿಚಾರ. ಬೇರೆ ಬ್ಯಾಕ್ಟೀರಿಯಾಗಳಲ್ಲಿ ಪ್ರಭೇದ ಗುರುತಿಸಲು ಅದು ಉತ್ತಮ ಜೀನ್ ಹೌದು, ಆದರೆ ಕ್ಷಯದ ರೋಗಾಣುಗಳ ಗುಂಪಿನಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಮನುಷ್ಯರ ಕ್ಷಯಕ್ಕೆ ಸಾಮಾನ್ಯ ಕಾರಣವಾದ ಟ್ಯುಬರ್ಕ್ಯುಲೋಸಿಸ್ ಪ್ರಭೇದ, ಅದರ ಬಂಧುಗಳಾದ ಬೋವಿಸ್, ಆಫ್ರಿಕಾನಂ, ಕ್ಯಾಪ್ರೆ, ಮೈಕ್ರೋಟಿ, ಒರಿಜಿಸ್ ಇವೆಲ್ಲವುಗಳಲ್ಲಿ 16ಎಸ್ ಅಕ್ಷರಕ್ಕೆ ಅಕ್ಷರ ಒಂದೇ ಆಗಿರುತ್ತದೆ. ಇವು ಒಂದೇ ಮೂಲದಿಂದ ಇತ್ತೀಚೆಗೆ ಕವಲೊಡೆದವುಗಳಾದ್ದರಿಂದ ಸುಮಾರು 44 ಲಕ್ಷ ಅಕ್ಷರಗಳ ಇಡೀ ಜೀನೋಮಿನಲ್ಲಿ ಟ್ಯುಬರ್ಕ್ಯುಲೋಸಿಸ್‌ಗೂ ಬೋವಿಸ್‌ಗೂ ಅಕ್ಷರ ಬದಲಾಗಿರುವ ಜಾಗಗಳು ಸುಮಾರು 2,400 ಮಾತ್ರ. 16ಎಸ್ ಓದಿಸಿದರೆ ‘ಕ್ಷಯ ಗುಂಪಿಗೆ ಸೇರಿದ್ದು’ ಎಂಬ ಉತ್ತರ ಬರುತ್ತದೆ. ಅದು ಸಿಬಿನ್ಯಾಟ್ ದಿನವೇ ನಿಮಗೆ ಗೊತ್ತಾಗಿದೆ.

ಸಿಬಿನ್ಯಾಟ್ ವರದಿಯ ‘ಎಂಟಿಬಿ’ ಎಂಬುದೂ ಗುಂಪಿನ ಹೆಸರೇ ಹೊರತು ಪ್ರಭೇದದ ಹೆಸರಲ್ಲ. ಆ ಯಂತ್ರ ನೋಡುವುದು ಆರ್‌ಪಿಒಬಿ ಜೀನಿನ 81 ಅಕ್ಷರಗಳ ಒಂದು ಭಾಗವನ್ನು, ಅದು ಗುಂಪಿನ ಎಲ್ಲ ಸದಸ್ಯರಲ್ಲೂ ಒಂದೇ ರೀತಿ ಇರುತ್ತದೆ. ಹೊಸ ಅಲ್ಟ್ರಾ ಕಾರ್ಟ್ರಿಡ್ಜ್ ಇದರ ಜೊತೆಗೆ ಐಎಸ್-6110 ಮತ್ತು ಐಎಸ್-1081 ಎಂಬ ತುಣುಕುಗಳನ್ನೂ ಹುಡುಕುತ್ತದೆ, ಅವೂ ಇಡೀ ಗುಂಪಿಗೆ ಸೇರಿದವೇ. ಟ್ರೂನ್ಯಾಟ್ ಎಂಬ ಇನ್ನೊಂದು ಜೀನ್ ಪರೀಕ್ಷೆ, ಮೊದಲ ಸಾಲಿನ ಔಷಧಗಳಿಗೆ ಪ್ರತಿರೋಧ ಹುಡುಕುವ ಎಲ್‌ಪಿಎ ಪಟ್ಟಿ, ಎಂಪಿಟಿ-64 ಇವುಗಳ ಮಾತೂ ಅಷ್ಟೇ. ಇವು ಕೆಟ್ಟ ಪರೀಕ್ಷೆಗಳೆಂದು ಇದರ ಅರ್ಥವಲ್ಲ. ಕ್ಷಯ ಇದೆಯೇ, ರಿಫಾಂಪಿಸಿನ್ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಎರಡು ಗಂಟೆಯೊಳಗೆ ಉತ್ತರ ಕೊಡುವುದಕ್ಕಾಗಿ ಸಿಬಿನ್ಯಾಟನ್ನು ರೂಪಿಸಿದ್ದಾರೆ. ನೀವು ಈಗ ಕೇಳುತ್ತಿರುವುದು ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆಯೇ ಪರೀಕ್ಷೆ ಬೇಕು.

ಆ ಪರೀಕ್ಷೆಗೆ ಆಧಾರ ಜೀನೋಮಿನಿಂದ ಕಳೆದುಹೋಗಿರುವ ಭಾಗಗಳು. 1998ರಲ್ಲಿ ಟ್ಯುಬರ್ಕ್ಯುಲೋಸಿಸ್‌ನ, ಪ್ರಯೋಗಾಲಯಗಳಲ್ಲಿ ಹೋಲಿಕೆಗೆ ಬಳಸುವ ಎಚ್37ಆರ್‌ವಿ ತಳಿಯ ಪೂರ್ಣ ಜೀನೋಮ್ ಪ್ರಕಟವಾದ ಮೇಲೆ ಅದನ್ನು ಬಿಸಿಜಿ (ಕ್ಷಯದ ಲಸಿಕೆಯ ರೋಗಾಣು) ಮತ್ತು ಬೋವಿಸ್‌ಗಳ ಜೊತೆ ಹೋಲಿಸಿದವರಿಗೆ ಕೆಲವು ದೊಡ್ಡ ತುಂಡುಗಳು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲವೆಂಬುದು ಸ್ಪಷ್ಟವಾಗಿ ಕಂಡಿತು. ಇವುಗಳನ್ನು ಆರ್‌ಡಿ ಪ್ರದೇಶಗಳೆಂದು ಕರೆದು ಸಂಖ್ಯೆ ಕೊಟ್ಟಿದ್ದಾರೆ. ಈ ಗುಂಪಿನ ಬ್ಯಾಕ್ಟೀರಿಯಾಗಳು ಒಂದರಿಂದ ಇನ್ನೊಂದು ಡಿಎನ್‌ಎ ಪಡೆದುಕೊಳ್ಳುವುದಿಲ್ಲವಾದ್ದರಿಂದ ಒಮ್ಮೆ ಕಳೆದುಕೊಂಡ ತುಂಡು ಆ ವಂಶಕ್ಕೆ ಮತ್ತೆ ಸಿಗುವುದಿಲ್ಲ. ಆದ್ದರಿಂದಲೇ ಒಂದು ಅಕ್ಷರದ ಬದಲಾವಣೆಗಿಂತ ಇಂಥ ನಷ್ಟವು ವಂಶದ ಗುರುತಾಗಿ ಹೆಚ್ಚು ಭದ್ರ.

ನಿಮಗೆ ಬೇಕಾಗಿರುವುದು ಮೂರು ಪ್ರದೇಶಗಳು. ಸುಮಾರು 2,000 ಬೇಸ್ ಜೋಡಿಗಳ (ಅಂದರೆ ಡಿಎನ್‌ಎ ಅಕ್ಷರಗಳ) ಆರ್‌ಡಿ-9 ಟ್ಯುಬರ್ಕ್ಯುಲೋಸಿಸ್‌ನಲ್ಲಿ ಉಳಿದಿದೆ, ಆಫ್ರಿಕಾನಂ ಮತ್ತು ಪ್ರಾಣಿಗಳಿಗೆ ಹೊಂದಿಕೊಂಡ ಪ್ರಭೇದಗಳಲ್ಲಿ ಕಳೆದುಹೋಗಿದೆ. ಸುಮಾರು 12,700 ಬೇಸ್ ಜೋಡಿಗಳ ಆರ್‌ಡಿ-4 ಬೋವಿಸ್‌ನಲ್ಲೂ ಅದರಿಂದ ತಯಾರಾದ ಬಿಸಿಜಿಯಲ್ಲೂ ಇಲ್ಲ. ಸುಮಾರು 9,500 ಬೇಸ್ ಜೋಡಿಗಳ ಆರ್‌ಡಿ-1 ಬೋವಿಸ್‌ನಲ್ಲಿದೆ, ಬಿಸಿಜಿಯಲ್ಲಿ ಇಲ್ಲ. ಹಾಗಾಗಿ ಆರ್‌ಡಿ-9ರಿಂದ ಆರಂಭಿಸಿ. ಅದು ಇದ್ದರೆ ನಿಮ್ಮದು ಟ್ಯುಬರ್ಕ್ಯುಲೋಸಿಸ್. ಕ್ಯಾನೆಟ್ಟಿ ಎಂಬ ಅಪರೂಪದ ರೋಗಾಣುವಿನಲ್ಲೂ ಅದು ಇದೆ, ಆದರೆ ಆ ರೋಗಾಣು ಮುಖ್ಯವಾಗಿ ಆಫ್ರಿಕಾದ ಪೂರ್ವದ ಕೊಂಬಿನ ಭಾಗದಲ್ಲಿ ಸಿಗುವಂಥದ್ದು, ಅದರ ಕಾಲೊನಿಗಳು ನುಣುಪಾಗಿ ಬೇರೆಯೇ ಕಾಣುತ್ತವೆ. ಆರ್‌ಡಿ-9 ಇಲ್ಲದಿದ್ದರೆ ಮಾತ್ರ ಆರ್‌ಡಿ-4ಕ್ಕೆ, ಅದೂ ಇಲ್ಲದಿದ್ದರೆ ಆರ್‌ಡಿ-1ಕ್ಕೆ ಹೋಗಿ.

ಪಿಸಿಆರ್ ಮಾಡುವಾಗ ಪ್ರತಿ ಪ್ರದೇಶಕ್ಕೂ, ಪಿಸಿಆರ್ ಎಲ್ಲಿಂದ ಆರಂಭವಾಗಬೇಕೆಂದು ತೋರಿಸುವ ಡಿಎನ್‌ಎ ಚೂರುಗಳಾದ ಮೂರು ಪ್ರೈಮರ್‌ಗಳನ್ನು ಒಂದೇ ನಳಿಕೆಯಲ್ಲಿ ಹಾಕುವ ವಿಧಾನವನ್ನೇ ಆರಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಎರಡು ಪ್ರೈಮರ್‌ಗಳು ಆ ಪ್ರದೇಶದ ಎರಡು ಹೊರಬದಿಗಳಲ್ಲಿ, ಮೂರನೆಯದು ಒಳಗೆ ಕೂರುತ್ತವೆ. ಪುಸ್ತಕದಿಂದ ನಡುವಿನ ಹಾಳೆಗಳನ್ನು ಕಿತ್ತರೆ ಅವುಗಳ ಹಿಂದಿನ ಮತ್ತು ಮುಂದಿನ ಪುಟಗಳು ಪಕ್ಕಪಕ್ಕಕ್ಕೆ ಬರುವ ಹಾಗೆ, ಪ್ರದೇಶ ಕಳೆದುಹೋಗಿದ್ದರೆ ಹೊರಗಿನ ಎರಡು ಪ್ರೈಮರ್‌ಗಳು ಹತ್ತಿರವಾಗಿ ಒಂದು ಅಳತೆಯ ಬ್ಯಾಂಡ್ (ಜೆಲ್ ಮೇಲೆ ಕಾಣುವ ಪಟ್ಟೆ) ಕೊಡುತ್ತವೆ. ಪ್ರದೇಶ ಉಳಿದಿದ್ದರೆ ಅವೆರಡರ ನಡುವಿನ ದೂರ ಹೆಚ್ಚಾಗಿ, ಒಳಗಿನ ಪ್ರೈಮರ್ ಹೊರಗಿನ ಒಂದರ ಜೊತೆ ಸೇರಿ ಬೇರೆ ಅಳತೆಯ ಬ್ಯಾಂಡ್ ಕೊಡುತ್ತದೆ. ಹೀಗೆ ‘ಇದೆ’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ಜೆಲ್ ಮೇಲೆ ಕಣ್ಣಿಗೆ ಕಾಣುವ ಸಾಕ್ಷಿ ಸಿಗುತ್ತದೆ. ಎರಡೇ ಪ್ರೈಮರ್ ಹಾಕಿ ಬ್ಯಾಂಡ್ ಬರಲಿಲ್ಲವೆಂಬ ಕಾರಣಕ್ಕೆ ‘ಪ್ರದೇಶ ಇಲ್ಲ’ ಎಂದು ಬರೆದರೆ, ಡಿಎನ್‌ಎ ಸರಿಯಾಗಿ ಬಂದಿರದ ಮಾದರಿಯೂ ಬೋವಿಸ್ ಆಗಿಬಿಡುತ್ತದೆ. ಪ್ರತಿ ಸಲವೂ ಎಚ್37ಆರ್‌ವಿ ಡಿಎನ್‌ಎ, ಬಿಸಿಜಿ ಡಿಎನ್‌ಎ ಮತ್ತು ಡಿಎನ್‌ಎ ಹಾಕದ ಒಂದು ನಳಿಕೆ, ಈ ಮೂರನ್ನೂ ಜೊತೆಯಲ್ಲಿ ಓಡಿಸಿ.

ದಕ್ಷಿಣ ಭಾರತದಲ್ಲಿ ಕೆಲಸ ಮಾಡುವವರು ಎರಡು ಕಡೆ ಎಚ್ಚರವಾಗಿರಬೇಕು. ಒಂದು, ಟಿಬಿಡಿ-1 ಎಂಬ ಪ್ರದೇಶ. ಜಗತ್ತಿನ ಬೇರೆ ಭಾಗಗಳಲ್ಲಿ ಹೆಚ್ಚಾಗಿ ಹರಡಿರುವ ಟ್ಯುಬರ್ಕ್ಯುಲೋಸಿಸ್ ತಳಿಗಳಲ್ಲಿ ಅದು ಕಳೆದುಹೋಗಿದೆ, ಬೋವಿಸ್‌ನಲ್ಲಿ ಉಳಿದಿದೆ. ಆ ಕಾರಣಕ್ಕೆ ‘ಟಿಬಿಡಿ-1 ಇದ್ದರೆ ಬೋವಿಸ್’ ಎಂದು ಕೆಲವರು ಓದುತ್ತಾರೆ. ಆದರೆ ನಮ್ಮ ದಕ್ಷಿಣದಲ್ಲಿ ಹೆಚ್ಚಾಗಿ ಸಿಗುವುದು ಒಂದನೇ ವಂಶಶಾಖೆಯ ಟ್ಯುಬರ್ಕ್ಯುಲೋಸಿಸ್, ಅದರಲ್ಲಿ ಟಿಬಿಡಿ-1 ಹಾಗೆಯೇ ಉಳಿದಿದೆ. ಇನ್ನೊಂದು, ಐಎಸ್-6110. ಬೋವಿಸ್‌ನಲ್ಲಿ ಇದರ ಪ್ರತಿ ಸಾಮಾನ್ಯವಾಗಿ ಒಂದೇ ಇರುತ್ತದೆ ಎಂಬುದು ನಿಜ, ಆದರೆ ದಕ್ಷಿಣ ಭಾರತದ ಟ್ಯುಬರ್ಕ್ಯುಲೋಸಿಸ್ ತಳಿಗಳ ಗಣನೀಯ ಪಾಲಿನಲ್ಲಿ ಅದರ ಪ್ರತಿ ಒಂದೇ ಇರುತ್ತದೆ ಅಥವಾ ಒಂದೂ ಇರುವುದಿಲ್ಲ. ಯುರೋಪಿನ ತಳಿಗಳನ್ನು ನೋಡಿ ಮಾಡಿದ ನಿಯಮಗಳನ್ನು ಇಲ್ಲಿಗೆ ತರುವ ಮೊದಲು ಇಲ್ಲಿನ ರೋಗಾಣುಗಳ ಮೇಲೆ ಅವನ್ನು ಪರೀಕ್ಷಿಸಿಕೊಳ್ಳಲೇಬೇಕು.

ಕಲ್ಚರ್ ನಳಿಕೆ ತೆರೆಯುವ ಕೆಲಸವನ್ನು ಅದಕ್ಕೆ ತಕ್ಕ ಜೈವಿಕ ಸುರಕ್ಷತೆಯ ಕೋಣೆಯಲ್ಲಿ ಮಾತ್ರ ಮಾಡಿ, ಶಾಖದಿಂದ ರೋಗಾಣುಗಳನ್ನು ಪೂರ್ತಿ ಕೊಂದ ಮೇಲೆಯೇ ಹೊರಗೆ ತನ್ನಿ. ನಿಮಗೆ ಗೊತ್ತಿರುವ ಮಾತೇ ಆದರೂ ಇದನ್ನು ಓದುವ ವಿದ್ಯಾರ್ಥಿಗಳಿಗಾಗಿ ಬರೆದಿದ್ದೇನೆ.

ಕೊಟ್ಟಿಗೆ ಡಾಕ್ಟರು

ಪಶುವೈದ್ಯನಾಗಿ ಎರಡು ಮಾತು ಸೇರಿಸುತ್ತೇನೆ.

ದನದ ಕ್ಷಯ ಮನುಷ್ಯರಿಗೆ ಅಂಟುತ್ತದೆಯೇ ಎಂಬ ವಾದ ಬಹಳ ಹಳೆಯದು. ಕ್ಷಯದ ರೋಗಾಣುವನ್ನು 1882ರಲ್ಲಿ ಕಂಡುಹಿಡಿದ ರಾಬರ್ಟ್ ಕಾಕ್ ಅವರೇ 1901ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ, ದನದ ಕ್ಷಯದಿಂದ ಮನುಷ್ಯರಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ ಎಂದು ಪ್ರತಿಪಾದಿಸಿದ್ದರು. ಅದನ್ನು ಪರಿಶೀಲಿಸಲು ಬ್ರಿಟನ್ ನೇಮಿಸಿದ ರಾಯಲ್ ಕಮಿಷನ್ ಹತ್ತು ವರ್ಷ ಕೆಲಸ ಮಾಡಿ 1911ರಲ್ಲಿ, ಅಂಟುತ್ತದೆ, ಅದರಲ್ಲೂ ಮಕ್ಕಳಿಗೆ ಹಾಲಿನ ಮೂಲಕ ಅಂಟುತ್ತದೆ ಎಂದು ತೀರ್ಮಾನಿಸಿತು. ಹಸಿ ಹಾಲಿನಿಂದ ಬಂದ ಸೋಂಕು ಕುತ್ತಿಗೆಯ ಗಂಟುಗಳಲ್ಲಿ, ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಆದ್ದರಿಂದ ನಿಮ್ಮ ಅನುಮಾನಕ್ಕೆ ಆಧಾರ ಇದ್ದೇ ಇದೆ. ಆದರೆ ಕುತ್ತಿಗೆಯ ಗಂಟಿನ ಕ್ಷಯ ನಮ್ಮ ದೇಶದಲ್ಲಿ ಹಸುವಿನ ಮುಖವನ್ನೇ ನೋಡದವರಲ್ಲೂ ಧಾರಾಳವಾಗಿದೆ. ನಮ್ಮ ಮನೆಗಳಲ್ಲಿ ಹಾಲು ಉಕ್ಕುವವರೆಗೆ ಕಾಯಿಸುವುದೇ ರೂಢಿ, ಆ ಶಾಖಕ್ಕೆ ಈ ರೋಗಾಣು ಉಳಿಯುವುದಿಲ್ಲ. ಹಾಗಾಗಿ ಆ ಮಹಿಳೆ ಹಾಲು ಕರೆಯುವಾಗ ನೊರೆಹಾಲು ಕುಡಿಯುತ್ತಾರೆಯೇ, ಗಿಣ್ಣನ್ನು ಸರಿಯಾಗಿ ಬೇಯಿಸಿ ತಿನ್ನುತ್ತಾರೆಯೇ, ಕೊಟ್ಟಿಗೆಯಲ್ಲಿ ಸೊರಗಿ ಕೆಮ್ಮುವ ಹಸು ಇದೆಯೇ ಎಂದು ವಿವರವಾಗಿ ಕೇಳಿ.

ಎರಡನೆಯ ಮಾತು ಇನ್ನೂ ಮುಖ್ಯ. ನಮ್ಮ ಭಾಗದಲ್ಲಿ ದನದ ಕ್ಷಯ ಎಂದಕೂಡಲೇ ಬೋವಿಸ್ ಎಂದುಕೊಳ್ಳಬಾರದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ರೋಗಿಗಳಿಂದ ಬೆಳೆಸಿದ 940 ಕಲ್ಚರುಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 7 ಒರಿಜಿಸ್, 5 ಬಿಸಿಜಿ ಸಿಕ್ಕವು. ರೋಗ ತರುವ ಬೋವಿಸ್ ಒಂದೂ ಸಿಗಲಿಲ್ಲ. ಒರಿಜಿಸ್ ಎಂಬುದನ್ನು ಮೊದಲು ಓರಿಕ್ಸ್ ಜಿಂಕೆಗಳಲ್ಲಿ ಗುರುತಿಸಿದ್ದರಿಂದ ಆ ಹೆಸರು ಬಂತು. ಆದರೆ ಅದರ ನೆಲೆ ದಕ್ಷಿಣ ಏಷ್ಯಾ ಎಂಬುದು ಈಗ ದಿನದಿನಕ್ಕೆ ಸ್ಪಷ್ಟವಾಗುತ್ತಿದೆ. ಬಾಂಗ್ಲಾದೇಶದ ದನಗಳಲ್ಲಿ, ಚೆನ್ನೈನ ಹಸುವಿನಲ್ಲಿ, ನೇಪಾಳದ ಚಿತ್ವನ್ ಕಾಡಿನ ಘೇಂಡಾಮೃಗದಲ್ಲಿ ಅದು ಸಿಕ್ಕಿದೆ. ಭಾರತ ಮೂಲದ ವ್ಯಕ್ತಿಯೊಬ್ಬರಿಂದ ನ್ಯೂಜಿಲೆಂಡಿನಲ್ಲಿ ಹಸುವಿಗೆ ತಗುಲಿದ ಪ್ರಕರಣವೂ ದಾಖಲಾಗಿದೆ, ಅಂದರೆ ಈ ದಾರಿ ಎರಡೂ ದಿಕ್ಕಿಗೆ ತೆರೆದಿದೆ. ಹಸುವಿನ ಚರ್ಮಕ್ಕೆ ಕೊಡುವ ಟ್ಯುಬರ್ಕ್ಯುಲಿನ್ ಪರೀಕ್ಷೆ ಇವುಗಳನ್ನು ಬೇರ್ಪಡಿಸುವುದಿಲ್ಲ, ಊತ ಬಂದರೆ ಗುಂಪಿನ ಯಾವುದೋ ಒಂದು ಸದಸ್ಯ ಒಳಗಿದೆ ಎಂದಷ್ಟೇ ತಿಳಿಯಬೇಕು. ಸೋಂಕಿತ ಹಸುಗಳನ್ನು ಪತ್ತೆ ಮಾಡಿ ಕೊಲ್ಲುವ ಪದ್ಧತಿ ನಮ್ಮಲ್ಲಿ ಇಲ್ಲ. ಹಾಗಿರುವಾಗ ಮನುಷ್ಯರ ಪ್ರಯೋಗಾಲಯದಲ್ಲಿ ಪ್ರಭೇದ ಗುರುತಾಗುವುದು ನಮ್ಮಂಥ ಪಶುವೈದ್ಯರಿಗೆ ಸಿಗಬಹುದಾದ ಅಪರೂಪದ ಸೂಚನೆ. ದಯವಿಟ್ಟು ಪರೀಕ್ಷೆ ಮಾಡಿ, ಪ್ರಾಣಿಮೂಲ ಎಂದು ಬಂದರೆ ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗೂ ತಿಳಿಸಿ.

ನಾಲ್ಕಕ್ಷರ

ಕೊಟ್ಟಿಗೆ ಡಾಕ್ಟರು ಒರಿಜಿಸ್ ನೆನಪಿಸಿದ್ದು ಬಹಳ ಒಳ್ಳೆಯದಾಯಿತು. ಅದಕ್ಕೆ ಪೂರಕವಾಗಿ ಒಂದು ವಿಷಯ. ಬೋವಿಸ್ ಪೈರಜಿನಮೈಡ್‌ಗೆ ಬಗ್ಗದಿರಲು ಕಾರಣ ಪಿಎನ್‌ಸಿಎ ಜೀನಿನ 169ನೇ ಜಾಗದಲ್ಲಿ ಸಿ ಹೋಗಿ ಜಿ ಬಂದಿರುವುದು. ಈ ಔಷಧವನ್ನು ಅದರ ಸಕ್ರಿಯ ರೂಪಕ್ಕೆ ತಿರುಗಿಸುವ ಕಿಣ್ವವನ್ನು ಆ ಜೀನ್ ತಯಾರಿಸುತ್ತದೆ. ಈ ಒಂದೇ ಬದಲಾವಣೆಯಿಂದ 57ನೇ ಜಾಗದ ಹಿಸ್ಟಿಡಿನ್ ಆಸ್ಪಾರ್ಟಿಕ್ ಆಮ್ಲವಾಗಿ, ಕಿಣ್ವ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ. ಒರಿಜಿಸ್‌ನಲ್ಲಿ ಈ ಬದಲಾವಣೆ ಇಲ್ಲ, ಅದಕ್ಕೆ ಪೈರಜಿನಮೈಡ್ ಸಾಮಾನ್ಯವಾಗಿ ನಾಟುತ್ತದೆ. ಆದ್ದರಿಂದ ಮೇಡಂ ಕೊಟ್ಟಿರುವ ಔಷಧ ವರದಿ ಸರಿಯಾಗಿದ್ದರೆ ಅದು ಒರಿಜಿಸ್‌ಗೆ ಹೊಂದುವುದಿಲ್ಲ. ಹಾಗೆಂದು ಬೋವಿಸ್ ಎಂದೂ ಹೇಳಲಾಗದು, ಏಕೆಂದರೆ ಟ್ಯುಬರ್ಕ್ಯುಲೋಸಿಸ್ ಕೂಡ ಪಿಎನ್‌ಸಿಎ ಜೀನಿನ ಬೇರೆ ಬೇರೆ ಜಾಗಗಳಲ್ಲಿ ಕೆಟ್ಟು ಅದೇ ಪ್ರತಿರೋಧ ಪಡೆಯಬಲ್ಲದು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಪೈರಜಿನಮೈಡ್ ಒಂದಕ್ಕೆ ಮಾತ್ರ ಪ್ರತಿರೋಧ ಇರುವ ಟ್ಯುಬರ್ಕ್ಯುಲೋಸಿಸ್ ತಳಿಯೊಂದು ಜನರಲ್ಲಿ ಹರಡಿತ್ತು.

ಅಗರ್ ತಟ್ಟೆಯವರು ಹೇಳಿದ ಕ್ರಮದಲ್ಲಿ ಆರ್‌ಡಿ-9 ಇಲ್ಲ, ಆರ್‌ಡಿ-4 ಇದೆ ಎಂದು ಬಂದರೆ ಜೆಲ್ ಅಲ್ಲಿಗೆ ನಿಲ್ಲುತ್ತದೆ. ಆಫ್ರಿಕಾನಂ, ಕ್ಯಾಪ್ರೆ, ಒರಿಜಿಸ್ ಮೂರಕ್ಕೂ ಆ ನಮೂನೆ ಹೊಂದುತ್ತದೆ. ಪ್ರಭೇದ ಗುರುತಿಸುವ ವಾಣಿಜ್ಯ ಪಟ್ಟಿ ಪರೀಕ್ಷೆಯೊಂದು ಒರಿಜಿಸ್ಸನ್ನು ಆಫ್ರಿಕಾನಂ ಎಂದೇ ತೋರಿಸುತ್ತದೆ. ಪಶ್ಚಿಮ ಆಫ್ರಿಕಾದ ಸಂಪರ್ಕವೇ ಇಲ್ಲದ ನಮ್ಮ ಹಳ್ಳಿಯ ರೋಗಿಯ ವರದಿಯಲ್ಲಿ ಆಫ್ರಿಕಾನಂ ಎಂದು ಬಂದರೆ ಮೊದಲು ಒರಿಜಿಸ್ಸನ್ನೇ ನೆನೆಯಬೇಕು. ಆಗ ಈ ಪ್ರಭೇದಗಳನ್ನು ಬೇರ್ಪಡಿಸಬಲ್ಲ ಜೈರ್‌ಬಿ ಜೀನಿನ ತುಣುಕನ್ನು ಓದಿಸಬೇಕು, ಅಥವಾ ಇಡೀ ಜೀನೋಮನ್ನೇ ಓದಿಸಬೇಕು. ನನ್ನ ಅಭಿಪ್ರಾಯದಲ್ಲಿ, ಕಲ್ಚರ್ ಕೈಯಲ್ಲಿದ್ದು ಅನುಕೂಲವೂ ಇದ್ದರೆ ಪೂರ್ಣ ಜೀನೋಮೇ ಮೇಲು. ಪ್ರಭೇದ, ವಂಶಶಾಖೆ, ಔಷಧ ಪ್ರತಿರೋಧ ಎಲ್ಲವೂ ಒಂದೇ ಓದಿನಲ್ಲಿ ಸಿಗುತ್ತವೆ, ಹಸುವಿನಿಂದಲೂ ಕಲ್ಚರ್ ಸಿಕ್ಕರೆ ಎರಡನ್ನೂ ಪಕ್ಕದಲ್ಲಿಟ್ಟು ಎಷ್ಟು ಅಕ್ಷರಗಳ ಅಂತರವಿದೆ ಎಂದು ಎಣಿಸಬಹುದು. ಐದಕ್ಕಿಂತ ಹೆಚ್ಚಿಲ್ಲದಿದ್ದರೆ ಸೋಂಕು ಇತ್ತೀಚೆಗೆ ದಾಟಿರುವ ಸಾಧ್ಯತೆ ಹೆಚ್ಚು, ಹನ್ನೆರಡನ್ನು ಮೀರಿದರೆ ಕಡಿಮೆ, ಎಂಬ ಅಳತೆಯನ್ನು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕ್ಷಯದಲ್ಲಿ ಬಳಸುತ್ತಾರೆ. ಆದರೆ ಆ ಎಣಿಕೆಯೊಂದರಿಂದಲೇ ಹಸುವಿನಿಂದ ಮನುಷ್ಯರಿಗೆ ಬಂತೋ ಮನುಷ್ಯರಿಂದ ಹಸುವಿಗೆ ಹೋಯಿತೋ ಎಂಬುದು ತಿಳಿಯದು.

ಸಾರ್ವಜನಿಕ ಜೀನೋಮ್ ಭಂಡಾರಗಳಲ್ಲಿ ಹುಡುಕುವಾಗ ಇನ್ನೊಂದು ಗೊಂದಲ ಎದುರಾಗುತ್ತದೆ. ಇವೆಲ್ಲವೂ ಒಂದೇ ಪ್ರಭೇದವೆಂದು 2018ರಲ್ಲಿ ಪ್ರಸ್ತಾಪವಾದ ಮೇಲೆ ಕೆಲವು ಕಡೆ ‘ಟ್ಯುಬರ್ಕ್ಯುಲೋಸಿಸ್ ವೇರಿಯೆಂಟ್ ಬೋವಿಸ್’ ಎಂಬ ಹೆಸರಿದೆ. ಅದನ್ನು ಕಂಡು ನಿಮ್ಮ ಮಾದರಿ ಟ್ಯುಬರ್ಕ್ಯುಲೋಸಿಸ್ ಎಂದು ತಿಳಿಯಬೇಡಿ.

ಮಕ್ಕಳ ವಾರ್ಡು

ಚರ್ಚೆಗೆ ಹತ್ತಿರದ ಒಂದು ಪ್ರಶ್ನೆ ಇದೆ, ಅನುಮತಿ ಇದ್ದರೆ ಕೇಳುತ್ತೇನೆ. ಬಿಸಿಜಿ ಲಸಿಕೆ ಹಾಕಿಸಿಕೊಂಡ ಎಳೆಯ ಮಕ್ಕಳಲ್ಲಿ ಎಡಗಂಕುಳಿನ ಗಂಟು ಊದಿ ಕೀವಾದಾಗ, ಆ ಕೀವಿನ ಸಿಬಿನ್ಯಾಟ್ ಕೂಡ ‘ಎಂಟಿಬಿ ಪತ್ತೆ’ ಎನ್ನುತ್ತದೆ. ತಾಯಿತಂದೆಯರು ಮಗುವಿಗೆ ಕ್ಷಯ ಬಂದಿದೆಯೆಂದು ಕಂಗಾಲಾಗುತ್ತಾರೆ. ಇದು ಲಸಿಕೆಯ ರೋಗಾಣುವೇ ಎಂದು ಖಚಿತಪಡಿಸಲು ಎಂಪಿಟಿ-64 ನೆಗೆಟಿವ್ ಬಂದರೆ ಸಾಕೇ?

ಅಗರ್ ತಟ್ಟೆ

ಸಾಲದು ಡಾಕ್ಟರೇ. ಎಂಪಿಟಿ-64 ಪ್ರೋಟೀನಿನ ಜೀನ್ ಇರುವುದು ಆರ್‌ಡಿ-2 ಪ್ರದೇಶದಲ್ಲಿ. ಫ್ರಾನ್ಸಿನ ಲಿಲ್‌ನಲ್ಲಿ ಕ್ಯಾಲ್ಮೆಟ್ ಮತ್ತು ಗೆರೆನ್ ಅವರು 1908ರಿಂದ 1921ರವರೆಗೆ ಬೋವಿಸ್ ಒಂದನ್ನು 230 ಬಾರಿ ಮರುಬೆಳೆಸಿ ಬಿಸಿಜಿ ತಯಾರಿಸಿದಾಗ ಕಳೆದುಹೋದದ್ದು ಆರ್‌ಡಿ-1. ಆರ್‌ಡಿ-2 ಕಳೆದದ್ದು ಲಸಿಕೆ ಬೇರೆ ಬೇರೆ ದೇಶಗಳಿಗೆ ಹಂಚಿಹೋಗುತ್ತಿದ್ದ ಕಾಲದಲ್ಲಿ, ಅದೂ ಕೆಲವು ಉಪತಳಿಗಳಲ್ಲಿ ಮಾತ್ರ. ನಮ್ಮ ದೇಶದಲ್ಲಿ ಎರಡೂ ಬಗೆ ಇವೆ. ಚೆನ್ನೈನ ಗಿಂಡಿಯ ಸರ್ಕಾರಿ ಪ್ರಯೋಗಾಲಯದ ಡ್ಯಾನಿಶ್ ತಳಿಯಲ್ಲಿ ಆರ್‌ಡಿ-2 ಇಲ್ಲ, ಅದು ಎಂಪಿಟಿ-64 ನೆಗೆಟಿವ್. ಪುಣೆಯಲ್ಲಿ ತಯಾರಾಗುವ ಮಾಸ್ಕೋ ತಳಿಯಲ್ಲಿ ಆರ್‌ಡಿ-2 ಉಳಿದಿದೆ, ಅದು ಪಾಸಿಟಿವ್. ಆರ್‌ಡಿ-1 ಮಾತ್ರ ಎಲ್ಲ ಬಿಸಿಜಿಗಳಲ್ಲೂ ಇಲ್ಲ. ಆದ್ದರಿಂದ ಆರ್‌ಡಿ-1ರ ಮೂರು ಪ್ರೈಮರ್ ಪಿಸಿಆರ್ ಮಾಡಿಸಿ. ಬಿಸಿಜಿ ಎಂದು ಖಚಿತವಾದರೆ, ಬೋವಿಸ್ ಮೂಲದ್ದಾದ್ದರಿಂದ ಪೈರಜಿನಮೈಡ್ ಅದಕ್ಕೂ ನಾಟುವುದಿಲ್ಲ ಎಂಬುದು ನೆನಪಿರಲಿ. ಗಂಟು ಒಂದೇ ಕಡೆ ಇರದೆ ಮೈಯಲ್ಲೆಲ್ಲ ಹರಡುತ್ತಿದ್ದರೆ ಮಗುವಿನ ರೋಗನಿರೋಧಕ ಶಕ್ತಿಯಲ್ಲಿ ಹುಟ್ಟಿನಿಂದ ಕೊರತೆ ಇದೆಯೇ ಎಂದು ನೋಡಿಸುವುದು ತುರ್ತು.

ಹೇಮಾವತಿ ದಡ

ಎಲ್ಲರಿಗೂ ಕೃತಜ್ಞತೆಗಳು. ಫಲಿತಾಂಶ ಬಂದಿದೆ. ಎಚ್37ಆರ್‌ವಿ, ಬಿಸಿಜಿ ಮತ್ತು ನಮ್ಮ ಮಾದರಿ ಮೂರನ್ನೂ ಒಂದೇ ಜೆಲ್ಲಿನಲ್ಲಿ ಓಡಿಸಿದೆವು. ಆರ್‌ಡಿ-9ರಲ್ಲಿ ನಮ್ಮ ಮಾದರಿಯ ಬ್ಯಾಂಡ್ ಎಚ್37ಆರ್‌ವಿಯ ಬ್ಯಾಂಡಿಗೆ ಸರಿಯಾಗಿ ಎದುರುಬದುರಾಗಿ ನಿಂತಿತು, ಬಿಸಿಜಿಯದು ಬೇರೆ ಎತ್ತರದಲ್ಲಿತ್ತು, ಡಿಎನ್‌ಎ ಇಲ್ಲದ ಸಾಲು ಖಾಲಿ ಇತ್ತು. ಮತ್ತೊಮ್ಮೆ ಹೊಸದಾಗಿ ಡಿಎನ್‌ಎ ತೆಗೆದು ಮಾಡಿದಾಗಲೂ ಹಾಗೆಯೇ ಬಂತು. ಆರ್‌ಡಿ-4 ಸಹ ಉಳಿದಿದೆ. ಅಂದರೆ ಇದು ಟ್ಯುಬರ್ಕ್ಯುಲೋಸಿಸ್. ಕೊಟ್ಟಿಗೆ ಡಾಕ್ಟರು ಹೇಳಿದಂತೆ ವಿಚಾರಿಸಿದಾಗ ಅವರ ಮನೆಯಲ್ಲಿ ಹಸಿ ಹಾಲು ಬಳಸುವುದಿಲ್ಲವೆಂದೂ, ಕೆಲವು ವರ್ಷಗಳ ಹಿಂದೆ ಹತ್ತಿರದ ಸಂಬಂಧಿಯೊಬ್ಬರು ಶ್ವಾಸಕೋಶದ ಕ್ಷಯಕ್ಕೆ ಮಾತ್ರೆ ತೆಗೆದುಕೊಂಡಿದ್ದರೆಂದೂ ತಿಳಿಯಿತು. ಹಾಗಾದರೆ ಪೈರಜಿನಮೈಡ್ ಪ್ರತಿರೋಧದ ವರದಿಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ನಾಲ್ಕಕ್ಷರ

ಎರಡು ಸಾಧ್ಯತೆಗಳಿವೆ, ಎರಡನ್ನೂ ಪರೀಕ್ಷಿಸಿಯೇ ತಿಳಿಯಬೇಕು.

ಮೊದಲನೆಯದು, ವರದಿಯೇ ಹುಸಿಯಾಗಿರುವುದು. ಪೈರಜಿನಮೈಡ್ ಆಮ್ಲೀಯ ಪರಿಸರದಲ್ಲಿ ಮಾತ್ರ ಕೆಲಸ ಮಾಡುವುದರಿಂದ ಅದರ ದ್ರವ ಕಲ್ಚರ್ ಪರೀಕ್ಷೆಯನ್ನು 5.9 ಪಿಎಚ್‌ನಲ್ಲಿ ನಡೆಸುತ್ತಾರೆ. ರೋಗಾಣುಗಳನ್ನು ಸ್ವಲ್ಪ ಹೆಚ್ಚಾಗಿ ಹಾಕಿದರೂ ಅವು ಆ ಆಮ್ಲೀಯತೆಯನ್ನೇ ತಗ್ಗಿಸಿಬಿಡುತ್ತವೆ, ಔಷಧ ನಾಟುವುದಿಲ್ಲ, ಯಂತ್ರ ‘ಪ್ರತಿರೋಧ’ ಎಂದು ಬರೆಯುತ್ತದೆ. ಉಳಿದ ಮೂರು ಔಷಧಗಳೂ ಕೆಲಸ ಮಾಡುತ್ತಿರುವಾಗ ಇದೊಂದೇ ಪ್ರತಿರೋಧ ಬಂದರೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ ಎಂದು ಮೇಲಿನ ಪ್ರಯೋಗಾಲಯವನ್ನು ಕೇಳುವುದು ಪೂರ್ತಿ ನ್ಯಾಯವಾದ ಕೋರಿಕೆ.

ಎರಡನೆಯದು, ನಿಜವಾದ ಪ್ರತಿರೋಧ. ಪಿಎನ್‌ಸಿಎ ಚಿಕ್ಕ ಜೀನ್, ಒಟ್ಟು 561 ಬೇಸ್ ಜೋಡಿಗಳು. ರಿಫಾಂಪಿಸಿನ್ ಪ್ರತಿರೋಧದ ಬದಲಾವಣೆಗಳು ಬಹುಪಾಲು ಆ 81 ಅಕ್ಷರಗಳ ಚಿಕ್ಕ ಭಾಗದಲ್ಲೇ ಸೇರಿಕೊಂಡಿರುತ್ತವೆ, ಆದರೆ ಪಿಎನ್‌ಸಿಎ ಬದಲಾವಣೆಗಳು ಜೀನಿನ ಉದ್ದಕ್ಕೂ ಚದುರಿರುತ್ತವೆ. ಆದ್ದರಿಂದ ಇಡೀ ಜೀನನ್ನೂ ಅದರ ಮುಂಭಾಗದ ನಿಯಂತ್ರಣ ತುಣುಕನ್ನೂ ಸೇರಿಸಿ ಎರಡೂ ದಿಕ್ಕಿನಿಂದ ಓದಿಸಿ. ಇದು ಸಾಮಾನ್ಯ ಸ್ಯಾಂಗರ್ ವಿಧಾನದಲ್ಲಿ ಒಂದೇ ತುಣುಕಿನ ಕೆಲಸ, ಪಿಸಿಆರ್ ಮಾಡಿ ಹೊರಗೆ ಕಳುಹಿಸಿದರೆ ಸಾಕು. ಬದಲಾವಣೆ ಸಿಕ್ಕರೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದು 2023ರಲ್ಲಿ ಪರಿಷ್ಕರಿಸಿದ ರೂಪಾಂತರಗಳ ಪಟ್ಟಿಯಲ್ಲಿ ಅದು ಪ್ರತಿರೋಧಕ್ಕೆ ಕಾರಣವೆಂದು ದಾಖಲಾಗಿದೆಯೇ ಎಂದು ನೋಡಿ, ಏಕೆಂದರೆ ಪ್ರತಿ ಬದಲಾವಣೆಯೂ ಕಿಣ್ವವನ್ನು ಕೆಡಿಸುವುದಿಲ್ಲ.

ಈ ಹಂತದಲ್ಲಿ ವರದಿಯಲ್ಲಿ ‘ಎಂ. ಟ್ಯುಬರ್ಕ್ಯುಲೋಸಿಸ್, ಆರ್‌ಡಿ-9 ಮತ್ತು ಆರ್‌ಡಿ-4 ಉಳಿದಿವೆ, ಪೈರಜಿನಮೈಡ್ ಫಲಿತಾಂಶ ಮರುಪರೀಕ್ಷೆಯಲ್ಲಿದೆ’ ಎಂದು ಬರೆಯುವುದು ಸರಿ. ಯಾವ ಗುರುತಿನ ಆಧಾರದ ಮೇಲೆ ಹೆಸರು ಕೊಟ್ಟಿದ್ದೀರಿ ಎಂಬುದು ವರದಿಯಲ್ಲೇ ಇದ್ದರೆ ಮುಂದೆ ನೋಡುವವರಿಗೆ ಅನುಮಾನ ಉಳಿಯುವುದಿಲ್ಲ. ಕಲ್ಚರಿನ ಎರಡು ಪ್ರತಿಗಳನ್ನು ಮೈನಸ್ 80 ಡಿಗ್ರಿಯಲ್ಲಿ ತೆಗೆದಿಡಿ. ಈ ವಿಷಯವನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೂ ಜಿಲ್ಲಾ ಕ್ಷಯರೋಗ ಅಧಿಕಾರಿಗಳಿಗೂ ಇಂದೇ ಬಾಯಿಮಾತಿನಲ್ಲಾದರೂ ತಿಳಿಸಿ. ಪೈರಜಿನಮೈಡ್ ಕೊಡುವುದು ಚಿಕಿತ್ಸೆಯ ಮೊದಲ 2 ತಿಂಗಳು ಮಾತ್ರ, ಕಲ್ಚರ್ ಮತ್ತು ಸಂವೇದನೆ ಪರೀಕ್ಷೆಗಳಲ್ಲೇ ಆ ಅವಧಿಯ ಬಹುಭಾಗ ಕಳೆದಿರುತ್ತದೆ. ಪ್ರತಿರೋಧ ನಿಜವಾದರೆ ಉಳಿದ ಔಷಧಗಳನ್ನು ಎಷ್ಟು ಕಾಲ ಮುಂದುವರಿಸಬೇಕು ಎಂಬುದನ್ನು ಅವರು ಆ ಹಂತ ಮುಗಿಯುವ ಮೊದಲೇ ನಿರ್ಧರಿಸಬೇಕಾಗುತ್ತದೆ.